ನೋಡಿದ ನಾಟಕವನ್ನೇ ನೋಡುವವರು

ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆದರೆಂದರೆ ಭಕ್ತರ ಕೆಲಸ ಮುಗಿಯಿತು, ಅಭಿಮಾನಿಗಳ ಕೆಲಸ ಶುರುವಾಯಿತು. ಬಾದಾಮಿಯಿಂದ ಐದು ಕಿಲೋಮೀಟರ್ ಆಚೆ, ಚೊಳಚಗುಡ್ಡದ ಬಯಲಿನಲ್ಲಿ ನಾಟಕ ಕಂಪನಿಗಳ ತಗಡಿನ ಥಿಯೇಟರುಗಳು ಅಕ್ಕಪಕ್ಕ ಎದ್ದಿರುತ್ತವೆ. ಒಳ್ಳೆಯ ವರ್ಷವಾದರೆ ಹತ್ತರ ಆಸುಪಾಸು. ಒಂದೊಂದರ ಮುಂದೆಯೂ ನಾಯಕಿಯ ಆಳೆತ್ತರದ ಚಿತ್ರ, ಪಕ್ಕದಲ್ಲಿ ಹಲ್ಲು ಕಿರಿದ ಹಾಸ್ಯನಟ, ಮೇಲೆ ಬಣ್ಣದ ಲೈಟಿನ ಸರ. ಒಬ್ಬರ ಮೈಕು ಇನ್ನೊಬ್ಬರ ಮೈಕನ್ನು ಮುಳುಗಿಸುತ್ತದೆ. ಬಾಗಿಲು ಚೌಕಟ್ಟು ಕೊಳ್ಳಲು ಬಂದ ರೈತ, ಇಳಕಲ್ ಸೀರೆಗೆ ಹೊಂದುವ ಗುಳೇದಗುಡ್ಡದ ಖಣ ಹುಡುಕುವ ಹೆಂಗಸರು, ಗುಡಿಯ ಮುಂದೆ ಬುಟ್ಟಿ ಇಟ್ಟು ಕುಳಿತ ಅವ್ವಂದಿರ ಹತ್ತಿರ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಉಂಡು ಎದ್ದವರು, ಎಲ್ಲರೂ ಸಂಜೆಯಾಗುತ್ತಲೇ ಈ ಸಾಲಿನ ಕಡೆ ಹೊರಳುತ್ತಾರೆ.

ಹೊಸಬ ಪೋಸ್ಟರ್ ನೋಡಿ ಟಿಕೆಟ್ ತೆಗೆಸುತ್ತಾನೆ. ಅಭಿಮಾನಿ ಪೋಸ್ಟರಿನ ಕಡೆ ಕಣ್ಣು ಹಾಯಿಸುವುದೂ ಇಲ್ಲ. ಅವನು ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಕಂಪನಿಯ ಅಡುಗೆಯವನನ್ನೋ ಪರದೆ ಎಳೆಯುವ ಹುಡುಗನನ್ನೋ ಹಿಡಿದು, ಹೋದ ವರ್ಷದ ಖಳನಾಯಕ ಇದ್ದಾನೋ, ಬೇರೆ ಕಂಪನಿ ಸೇರಿದನೋ ಎಂದು ವಿಚಾರಿಸಿಕೊಳ್ಳುತ್ತಾನೆ. ಸೇರಿದ್ದರೆ ಅವನೂ ಆ ಕಂಪನಿಗೇ ಹೋದ.

ಕಂಪನಿಗಳಿಗೂ ಇದು ದೊಡ್ಡ ತಿಂಗಳು. ಮೊಕ್ಕಾಮಿನಿಂದ ಮೊಕ್ಕಾಮಿಗೆ ಲಾರಿಯಲ್ಲಿ ತಗಡು, ಕಂಬ, ಪರದೆ, ಪಾತ್ರೆ, ಮಕ್ಕಳು ಮರಿ ಹೊತ್ತು ತಿರುಗುವ ಈ ಮಂದಿಗೆ ವರ್ಷದ ಹೊಟ್ಟೆಪಾಡಿನ ದೊಡ್ಡ ಪಾಲು ಹುಟ್ಟುವುದು ಬನಶಂಕರಿಯಂಥ ಜಾತ್ರೆಯಲ್ಲಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬೆಯ ಜಾತ್ರೆಯೂ ಹೀಗೆ ಕೈಹಿಡಿಯುತ್ತದೆ. ಬನಶಂಕರಿಯಲ್ಲಿ ದಿನಕ್ಕೆ ಎರಡು ಮೂರು ಆಟ ಹಾಕಿದರೂ ಕುರ್ಚಿ ತುಂಬುವುದಕ್ಕೆ ಒಂದು ಸರಳ ಕಾರಣವೂ ಉಂಟು. ಹಳ್ಳಿಯಿಂದ ಟ್ರ್ಯಾಕ್ಟರ್ ಏರಿ, ಬಸ್ಸು ಹಿಡಿದು ಬಂದವರಿಗೆ ರಾತ್ರಿ ಮಲಗಲು ಜಾಗ ಬೇಕು, ಚಳಿ ಬೇರೆ. ಕಡೆಯ ಆಟದ ಟಿಕೆಟ್ಟು ನಾಟಕದ ಜೊತೆಗೆ ಬೆಳಗಿನ ಬಸ್ಸಿನ ತನಕ ಕೂರುವ ಹಕ್ಕನ್ನೂ ಕೊಡುತ್ತದೆ. ನಿದ್ದೆಗೆಂದು ಒಳಹೊಕ್ಕವನನ್ನು ನಿದ್ದೆಗೆಡಿಸಿ ಕಳಿಸುವುದೇ ಕಂಪನಿ ನಟನ ಕಸುಬು. ಈ ಭಾಗದ ಬಹಳಷ್ಟು ಅಭಿಮಾನಿಗಳು ಹುಟ್ಟಿದ್ದು ಹಾಗೆಯೇ ಎಂಬುದು ನನ್ನ ಅಂದಾಜು.

ನಮ್ಮ ಸೋದರಮಾವ ಅವರಲ್ಲೊಬ್ಬ. ಇಳಕಲ್ಲಿನ ಕಡೆಯ ನೇಕಾರ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ತೋಪು ತೆನಿ ಸೆರಗು ನೇಯುವ ಮನುಷ್ಯ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವಾಗ ಬಾಯಿಗೆ ಕೆಲಸವಿರುವುದಿಲ್ಲವಲ್ಲ, ಆಗ ನಾಟಕದ ಮಾತು ಶುರು. ಅರ್ಜುನನಾಗಿ ಒಂದು ಮಾತು, ಕೃಷ್ಣನಾಗಿ ಅದಕ್ಕೊಂದು ಉತ್ತರ, ನಡುವೆ ಬಾಯಲ್ಲೇ ಪೇಟಿಯ ಸ್ವರ. ಜಾತ್ರೆಗೆ ಹೋದರೆ ಒಂದೇ ನಾಟಕಕ್ಕೆ ಮೂರು ರಾತ್ರಿ ಕೂತು ಬರುತ್ತಿದ್ದ. ನಾನು ಕಾಲೇಜು ಸೇರಿ ಬುದ್ಧಿವಂತನಾಗಿದ್ದ ಕಾಲ. ಕೇಳಿಯೇ ಬಿಟ್ಟೆ.

“ಮಾಮಾ, ನೋಡಿದ್ದನ್ನ ಏನ್ ನೋಡ್ತಿ? ಕಥಿ ಗೊತ್ತೈತಲ್ಲ?”

“ಕಥಿ ನೋಡಾಕ ಯಾಂವ ಹೋಗ್ತಾನೋ? ಇವತ್ತ ಹೆಂಗ ಹೇಳ್ತಾನ ನೋಡೂಣಂತ ಹೋಗ್ತೀನಿ.”

ಅಭಿಮಾನದ ಬಗ್ಗೆ ನಾನು ಓದಿದ ಯಾವ ಲೇಖನವೂ ಈ ಉತ್ತರದ ಆಚೆ ಹೋಗಿಲ್ಲ.

ಅದೇ ಹೊತ್ತಿಗೆ ಬಾಗಲಕೋಟೆಯ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳೆಯನೊಬ್ಬನಿದ್ದ. ಬೆಂಗಳೂರಿನ ಹುಡುಗ. 1963ರಲ್ಲಿ ಶುರುವಾದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಅಂಥವರನ್ನು ಎಲ್ಲೆಲ್ಲಿಂದಲೋ ಎಳೆದು ತರುತ್ತಿತ್ತು. ಅವನಿಗೆ ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲಿಷ್ ಬ್ಯಾಂಡಿನ ಹುಚ್ಚು. ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲ್ ತುರುಕಿ ಹಿಂದಕ್ಕೆ ಸುತ್ತಿ, ಗಿಟಾರಿನ ಒಂದೇ ತುಣುಕನ್ನು ರಾತ್ರಿಯಿಡೀ ಕೇಳುತ್ತಿದ್ದ. ಅದೇ ಹಾಡು ಸ್ಟುಡಿಯೋದಲ್ಲಿ ಹಾಡಿದ್ದು ಬೇರೆ, ಮೈದಾನದಲ್ಲಿ ಹಾಡಿದ್ದು ಬೇರೆ, ಆ ಊರಿನದು ಬೇರೆ, ಈ ಊರಿನದು ಬೇರೆ ಎಂದು ನನಗೆ ಪಾಠ ಹೇಳುತ್ತಿದ್ದ. ಕಿವಿಗೆ ಎಲ್ಲವೂ ಒಂದೇ ಕೇಳಿಸುತ್ತದೆ ಎಂದರೆ ಎರಡು ದಿನ ಮಾತು ಬಿಡುತ್ತಿದ್ದ. ಆ ಬ್ಯಾಂಡಿನ 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಎಂಬ ಧ್ವನಿಮುದ್ರಿಕೆ ಅಮೆರಿಕದ ಮಾರಾಟದ ಪಟ್ಟಿಯಲ್ಲಿ 1988ರವರೆಗೆ ಒಟ್ಟು 741 ವಾರ ಇತ್ತೆಂಬುದು ಅವನ ಬಾಯಲ್ಲಿ ಕುಲದೇವರ ಹೆಸರಿನಂತೆ ಬರುತ್ತಿತ್ತು.

ಅವನನ್ನು ಒಂದು ಸಲ ಬನಶಂಕರಿಗೆ ಕರೆದುಕೊಂಡು ಹೋದೆ. ಉತ್ತರ ಕರ್ನಾಟಕದ ಮಾತು ಅರ್ಧಕ್ಕರ್ಧ ಅವನ ತಲೆಯ ಮೇಲಿಂದ ಹೋಯಿತು. ಆದರೆ ಮರುದಿನ ಸಂಜೆ ತಾನಾಗಿಯೇ, “ಮತ್ತೆ ಹೋಗೋಣವಾ?” ಎಂದ. ಹಾಸ್ಯನಟ ನಿನ್ನೆ ಸೊಸೆಯ ಕೈಲಿ ಪೆಟ್ಟು ತಿನ್ನುವಾಗ ಮೂರು ಸಲ ಬಿದ್ದನಂತೆ, ಮೂರನೆಯದು ನಾಟಕದಲ್ಲಿ ಇದ್ದದ್ದೋ ಅಥವಾ ನೆಲದ ಮೇಲೆ ಕೂತ ಮುದುಕಿ ನಕ್ಕಿದ್ದಕ್ಕೆ ಅವನೇ ಸೇರಿಸಿದ್ದೋ ಗೊತ್ತಾಗಬೇಕಂತೆ. ಹೋದೆವು. ಎರಡೇ ಸಲ ಬಿದ್ದ. ಗೆಳೆಯ ಪರಮಾನಂದದಿಂದ ನನ್ನ ತೊಡೆಗೆ ಹೊಡೆದ. ಮಾಮಾನಿಗೂ ಅವನಿಗೂ ಆಮೇಲೆ ಎಂಥ ದೋಸ್ತಿ ಬೆಳೆಯಿತೆಂದರೆ, ನಡುವೆ ನಾನು ದುಭಾಷಿಯಾಗಿ ಸುಸ್ತಾಗುತ್ತಿದ್ದೆ. 2002ರಲ್ಲಿ ಪಿಂಕ್ ಫ್ಲಾಯ್ಡಿನ ರೋಜರ್ ವಾಟರ್ಸ್ ಬೆಂಗಳೂರಿಗೆ ಬಂದು ಹಾಡಿದಾಗ ಅವನು ಮೊದಲು ಫೋನ್ ಮಾಡಿದ್ದು ಇಳಕಲ್ಲಿಗೆ.

ಒಂದೇ ಹಾಡನ್ನು ಮತ್ತೆ ಮತ್ತೆ ಕೇಳುವ ಹುಚ್ಚು ಅವನೊಬ್ಬನದಲ್ಲ. ಅಮೆರಿಕದಲ್ಲಿ ‘ಗ್ರೇಟ್‌ಫುಲ್ ಡೆಡ್’ ಎಂಬ ರಾಕ್ ತಂಡವೊಂದಿತ್ತು. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ್ದು, 1995ರಲ್ಲಿ ಅದರ ಮುಖ್ಯ ಕಲಾವಿದ ಜೆರ್ರಿ ಗಾರ್ಸಿಯಾ ತೀರಿಕೊಂಡ ಮೇಲೆ ಮುಗಿದದ್ದು. ಆ 30 ವರ್ಷಗಳಲ್ಲಿ 2300ಕ್ಕೂ ಹೆಚ್ಚು ಕಛೇರಿ ಮಾಡಿದರು. ಅವರ ಅಭಿಮಾನಿಗಳು ಹಳೆಯ ವ್ಯಾನು, ಬಸ್ಸುಗಳಲ್ಲಿ ಸಂಸಾರ ಹೂಡಿ ತಂಡದ ಹಿಂದೆ ಊರೂರು ತಿರುಗಿದರು. ಬಯಲಲ್ಲಿ ಅಡುಗೆ ಮಾಡಿ, ಬಣ್ಣ ಹಾಕಿದ ಅಂಗಿ ಮಾರಿ, ಮುಂದಿನ ಊರಿನ ಟಿಕೆಟ್ಟಿಗೆ ದುಡ್ಡು ಹೊಂದಿಸಿಕೊಂಡರು. ಒಂದು ರಾತ್ರಿಯ ಹಾಡು ಮರುರಾತ್ರಿ ಹಾಗೆಯೇ ಬರುತ್ತಿರಲಿಲ್ಲ, ಆದ್ದರಿಂದ ಎಲ್ಲ ರಾತ್ರಿಯೂ ಬೇಕು. ಜನ ಟೇಪ್ ರೆಕಾರ್ಡರ್ ತಂದು ಮುದ್ರಿಸಿಕೊಂಡರೆ ಬೇರೆ ಎಷ್ಟೋ ತಂಡಗಳು ಅಡ್ಡಿಮಾಡುತ್ತಿದ್ದ ಕಾಲ. ಇವರು 1984ರಲ್ಲಿ ಮುದ್ರಿಸುವವರಿಗೆಂದೇ ಬೇರೆ ಜಾಗ ಬಿಟ್ಟುಕೊಟ್ಟರು. ಟೇಪು ಕೈಯಿಂದ ಕೈಗೆ ಹೋದಷ್ಟೂ ಟಿಕೆಟ್ ಹೆಚ್ಚು ಖರ್ಚಾದವು.

ನಮ್ಮ ಕಂಪನಿ ನಾಟಕಕ್ಕೂ ಅದಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿ ಹಾಡಿನ ಪಟ್ಟಿಯೇ ಬದಲಾಗುತ್ತಿತ್ತು, ಇಲ್ಲಿ ನಾಟಕ ಬದಲಾಗುವುದಿಲ್ಲ. ರಾಜಣ್ಣ ಜೇವರ್ಗಿಯವರ ‘ಕುಂಟ ಕೋಣ ಮೂಕ ಜಾಣ’, ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಕಂಪನಿಯ ‘ಹಳ್ಳಿ ಹುಡುಗಿ’ ಇಂಥವು ವರ್ಷಗಟ್ಟಲೆ ಅದೇ ಹೆಸರಿನಲ್ಲಿ ನಡೆದವು. ಆದರೆ ಹಾಸ್ಯದ ದೃಶ್ಯದೊಳಗೆ ಬಾದಾಮಿಯ ಮಂಗಗಳು ಬರುತ್ತವೆ, ಈ ಊರಿನ ಬಸ್‌ಸ್ಟ್ಯಾಂಡಿನ ಹೊಂಡ ಬರುತ್ತದೆ, ನಿನ್ನೆಯ ಪೇಪರಿನ ಮಂತ್ರಿ ಬರುತ್ತಾನೆ. ಪ್ರೇಕ್ಷಕರಲ್ಲಿ ಒಬ್ಬ ಎದ್ದು ನೀರು ಕುಡಿಯಲು ಹೊರಟರೆ ಅವನೂ ನಾಟಕದೊಳಗೆ ಬಂದುಬಿಡುತ್ತಾನೆ. ಮೂರು ರಾತ್ರಿ ಕೂತವನಿಗೆ ಮಾತ್ರ ಇದರಲ್ಲಿ ಯಾವುದು ಹಳೆಯದು, ಯಾವುದು ಈಗಷ್ಟೇ ಹುಟ್ಟಿದ್ದು ಎಂಬುದು ತಿಳಿಯುತ್ತದೆ.

ಬಾಗಲಕೋಟೆ ಜಿಲ್ಲೆಯ ಅತಿ ದೊಡ್ಡ ಅಭಿಮಾನಿಯ ಕಥೆ ಬೀಳಗಿಯದು. ಗೋಹರಬಾಯಿ ಮತ್ತು ಅಮೀರ್‌ಬಾಯಿ, ಇಬ್ಬರು ಅಕ್ಕತಂಗಿಯರು. ಮುಂಬಯಿಗೆ ಹೋದ ಮೇಲೆ ಇಬ್ಬರ ಹೆಸರಿನ ಮುಂದೆಯೂ ‘ಕರ್ನಾಟಕಿ’ ಸೇರಿತು. ತಂಗಿ ಅಮೀರ್‌ಬಾಯಿ ಸಿನಿಮಾದಲ್ಲಿ ಹಾಡಿ ದೇಶಕ್ಕೆಲ್ಲ ಗೊತ್ತಾದಳು. 1943ರಲ್ಲಿ ಬಂದ ‘ಕಿಸ್ಮತ್’ ಚಿತ್ರಕ್ಕೆ ಆಕೆಯ ಹಾಡುಗಳಿದ್ದವು. ಆ ಚಿತ್ರ ಕಲ್ಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಅಷ್ಟು ದಿನ ಅಲ್ಲಿ ಹೊಸಬರೇ ಬಂದಿರಲು ಸಾಧ್ಯವಿಲ್ಲ, ಅಲ್ಲೂ ನಮ್ಮ ಮಾಮಾನಂಥವರು ಇದ್ದರು. ರಹಮತ್ ತರೀಕೆರೆಯವರು ಅಮೀರ್‌ಬಾಯಿಯ ಬದುಕನ್ನು ಹುಡುಕಿಕೊಂಡು ಹೋಗಿ ಪುಸ್ತಕ ಬರೆದ ಮೇಲೆ ಕನ್ನಡಿಗರಿಗೆ ಆಕೆಯ ನೆನಪು ಮರುಕಳಿಸಿತು.

ಅಕ್ಕ ಗೋಹರಬಾಯಿಯ ದಾರಿ ಬೇರೆ. ಮರಾಠಿ ರಂಗಭೂಮಿಯ ಬಾಲಗಂಧರ್ವರ ಹೆಸರು ಕೇಳದ ಮನೆ ಆಗ ಈ ಭಾಗದಲ್ಲಿ ಇರಲಿಲ್ಲ. ಹೆಣ್ಣುವೇಷದಲ್ಲಿ ಅವರು ನಿಂತರೆ ಉಳ್ಳವರ ಮನೆಯ ಹೆಣ್ಣುಮಕ್ಕಳು ಅವರ ಸೀರೆಯ ನೆರಿಗೆ, ಮುಡಿ ಕಟ್ಟುವ ರೀತಿ ನೋಡಿ ಕಲಿಯುತ್ತಿದ್ದರು. ಗೋಹರ ಅವರ ಹಾಡುಗಾರಿಕೆಯನ್ನು ಅವರ ಕೊರಳೇ ತನಗೆ ಬಂತೆನ್ನುವಷ್ಟು ಕಲಿತಳು. ಕೊನೆಗೆ ಅವರ ಕಂಪನಿಯನ್ನೇ ಸೇರಿದಳು, ಅವರ ಬಾಳಸಂಗಾತಿಯೂ ಆದಳು. ಆಗ ಬಾಲಗಂಧರ್ವರ ಹಳೆಯ ಅಭಿಮಾನಿಗಳಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಮಾಟ ಮಾಡಿದಳು, ನಮ್ಮ ನಟನನ್ನು ಕೆಡಿಸಿದಳು ಎಂದೆಲ್ಲ ಆಡಿಕೊಂಡರು. ಜಾನ್ ಲೆನನ್ ಜೊತೆಯಾದ ಯೋಕೋ ಓನೋಳನ್ನು, 1970ರಲ್ಲಿ ಬೀಟಲ್ಸ್ ತಂಡ ಒಡೆದದ್ದು ಇವಳಿಂದಲೇ ಎಂದು ಆ ತಂಡದ ಅಭಿಮಾನಿಗಳು ಜೀವನಪೂರ್ತಿ ದೂರಿದರಲ್ಲ, ಅದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಕಂಪನಿ ಸಾಲದಲ್ಲಿ ಮುಳುಗಿದ್ದು, ಸಿನಿಮಾ ಬಂದು ನಾಟಕದ ಜನವನ್ನು ಎಳೆದುಕೊಂಡದ್ದು, ನಟನಿಗೆ ವಯಸ್ಸಾದದ್ದು ಇವೆಲ್ಲ ಅಭಿಮಾನಿಯ ಕಣ್ಣಿಗೆ ಕಾಣುವುದಿಲ್ಲ. ಅವನಿಗೆ ಒಬ್ಬ ಅಪರಾಧಿ ಬೇಕು, ಅದು ಹೆಂಗಸಾದರೆ ಇನ್ನೂ ಅನುಕೂಲ. ಬಾಲಗಂಧರ್ವರ ಕಷ್ಟದ ದಿನಗಳಲ್ಲಿ ಜೊತೆಗಿದ್ದವಳು ಬೀಳಗಿಯ ಈ ಹೆಣ್ಣುಮಗಳು, ಮೈಮರೆತು ಚಪ್ಪಾಳೆ ತಟ್ಟಿದವರಲ್ಲ.

ಬೀಳಗಿಯಿಂದ ಮಾಮಾನ ಕಡೆಯ ಹುನಗುಂದದ ನೆಲಕ್ಕೆ ಬರೋಣ. ಹಳೆಯ ಹುನಗುಂದ ತಾಲ್ಲೂಕು ಎರಡು ಹಳ್ಳಿಗಳಿಂದ ಇಬ್ಬರು ನಾಟಕಕಾರರನ್ನು ಕೊಟ್ಟಿತು. ಈಗ ಇಳಕಲ್ಲೇ ಬೇರೆ ತಾಲ್ಲೂಕಾಗಿದೆ, ಅದಿರಲಿ. ಒಬ್ಬರು ಕಂದಗಲ್ಲಿನ ಹನುಮಂತರಾಯರು, 1896ರಲ್ಲಿ ಹುಟ್ಟಿದವರು. ‘ರಕ್ತರಾತ್ರಿ’, ‘ಕುರುಕ್ಷೇತ್ರ’, ‘ಅಕ್ಷಯಾಂಬರ’, ‘ಚಿತ್ರಾಂಗದಾ’ ಇವರವು. ಜನ ‘ಕರ್ನಾಟಕದ ಷೇಕ್ಸ್‌ಪಿಯರ್’ ಎಂದು ಕರೆದರು. ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರೇ ಇದೆ. ಇನ್ನೊಬ್ಬರು ಸೂಳೇಭಾವಿಯ ಪಿ.ಬಿ. ಧುತ್ತರಗಿ, ‘ಸಂಪತ್ತಿಗೆ ಸವಾಲ್’ ಬರೆದವರು. ಆ ನಾಟಕ 1974ರಲ್ಲಿ ಸಿನಿಮಾ ಆಗಿ, ರಾಜಕುಮಾರ್ ಎಮ್ಮೆಯ ಮೇಲೆ ಕೂತು ತಮ್ಮ ದನಿಯಲ್ಲೇ ಹಾಡಿದರು. ಅಲ್ಲಿಂದಾಚೆ ಅವರ ಪಾತ್ರಕ್ಕೆ ಅವರದೇ ಕೊರಳು ಎಂಬುದು ರೂಢಿಯಾಯಿತು. ರಾಜಕುಮಾರರ ಹಾಡಿನ ಅಭಿಮಾನಿಗಳು ಸೂಳೇಭಾವಿಗೂ ಸ್ವಲ್ಪ ಋಣಿಗಳು. ಇದನ್ನು ಬೆಂಗಳೂರಿನವರಿಗೆ ಹೇಳಿದರೆ ನಂಬುವುದಿಲ್ಲ.

ಧುತ್ತರಗಿಯವರದು ಮನೆಯೊಳಗಿನ ಮಾತು. ಕಂದಗಲ್ಲರದು ಹಾಗಲ್ಲ. ಅಲ್ಲಿ ಒಂದೊಂದು ಮಾತೂ ಉದ್ದ, ಪ್ರಾಸದ ಮೇಲೆ ಪ್ರಾಸ, ಉಸಿರು ಹಿಡಿದು ಏರುತ್ತ ಹೋಗಿ ತುದಿಯಲ್ಲಿ ಒಂದೇಟಿಗೆ ಇಳಿಯಬೇಕು. ನಡುವೆ ಉಸಿರು ತೆಗೆದುಕೊಂಡರೆ ಹಿಂದಿನ ಸಾಲಿನವನಿಗೂ ಗೊತ್ತಾಗುತ್ತದೆ. ‘ರಕ್ತರಾತ್ರಿ’ಯ ಶಕುನಿಗೆ ನಮ್ಮ ಕಡೆ ಇರುವ ಹುಚ್ಚು ಭೀಮಾರ್ಜುನರಿಗೆ ಇಲ್ಲ. ಕೈಯಲ್ಲಿ ದಾಳ ತಿರುವುತ್ತ, ಕುಂಟುತ್ತ ಶಕುನಿ ಬರುತ್ತಾನೆ. ಅವನು ಬಾಯಿ ತೆರೆಯುವ ಮೊದಲೇ ನೆಲದ ಮೇಲೆ ಕೂತ ಅರ್ಧ ಮಂದಿ ತುಟಿ ಅಲ್ಲಾಡಿಸುತ್ತಿರುತ್ತಾರೆ. ನಟ ಒಂದು ಪದ ನುಂಗಿದರೆ ಕತ್ತಲಿನಿಂದ ಯಾರೋ ಎತ್ತಿಕೊಡುತ್ತಾರೆ. ಚೆನ್ನಾಗಿ ಒಪ್ಪಿಸಿದರೆ ‘ಒನ್ಸ್ ಮೋರ್’. ಮಾತಿಗೂ ಒನ್ಸ್ ಮೋರ್ ಕೇಳುವ ಜನ ಬೇರೆಲ್ಲಾದರೂ ಇದ್ದಾರೋ ಇಲ್ಲವೋ, ನಮ್ಮಲ್ಲಿ ಇದ್ದಾರೆ. ಸಾಯುವ ಪಾತ್ರ ಎದ್ದು ನಿಂತು ಇನ್ನೊಮ್ಮೆ ಸತ್ತದ್ದುಂಟು.

ಇಲ್ಲಿಗೇ ನಿಂತಿದ್ದರೆ ಇದು ಎಲ್ಲ ಊರಿನ ಅಭಿಮಾನದ ಕಥೆಯಾಗುತ್ತಿತ್ತು. ಆದರೆ ಈ ಸೀಮೆಯ ಜನಕ್ಕೆ ಸುಮ್ಮನೆ ಕೂತು ಕೇಳುವುದು ಆಗಿಬರುವುದಿಲ್ಲ. ಬಾಗಲಕೋಟೆಯ ಹೋಳಿ ನೋಡಿದವರಿಗೆ ಗೊತ್ತು, ಹಲಗಿಯ ಮುಂದೆ ನಿಂತು ನೋಡುತ್ತಿದ್ದ ಹುಡುಗ ಮರುವರ್ಷ ಹಲಗಿ ಕೊರಳಿಗೆ ಹಾಕಿಕೊಂಡಿರುತ್ತಾನೆ. ಹರದೇಶಿ–ನಾಗೇಶಿ ಹಾಡಿಕೆಯಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಎರಡು ಮೇಳಗಳು ರಾತ್ರಿಯಿಡೀ ವಾದಕ್ಕೆ ಬಿದ್ದರೆ, ಕೇಳುವವರೂ ಎರಡು ಪಾಳಿಯಾಗಿ ಬೆಳಗಿನ ಚಹಾದ ಅಂಗಡಿಯಲ್ಲಿ ಅದನ್ನು ಮುಂದುವರಿಸುತ್ತಾರೆ. ನಾಟಕದ ಅಭಿಮಾನಿಯೂ ಹಾಗೆಯೇ. ಜಾತ್ರೆಯಲ್ಲಿ ನೋಡಿದ್ದನ್ನು ಅವನು ಊರಲ್ಲಿ ಆಡಿಯೇ ತೀರಬೇಕು.

ಅದಕ್ಕೊಂದು ಪದ್ಧತಿ ಬೆಳೆದಿದೆ. ಸುಗ್ಗಿ ಮುಗಿದ ಮೇಲೆ ಊರ ಹನುಮಪ್ಪನ ಓಕುಳಿಗೋ, ಯುಗಾದಿಗೋ ನಾಟಕ ಹಿಡಿಯುತ್ತಾರೆ. ಹಾರ್ಮೋನಿಯಂ ಮಾಸ್ತರ ಬರುತ್ತಾರೆ. ತಿಂಗಳುಗಟ್ಟಲೆ ರಾತ್ರಿ ಗುಡಿಯ ಕಟ್ಟೆಯ ಮೇಲೆ, ಇಲ್ಲವೇ ಶಾಲೆಯ ಕೋಣೆಯಲ್ಲಿ ತಾಲೀಮು. ಪಾರ್ಟು ಮಾಡುವವನಿಗೆ ಯಾರೂ ದುಡ್ಡು ಕೊಡುವುದಿಲ್ಲ, ಅವನೇ ವಂತಿಗೆ ಕೊಡಬೇಕು. ದೊಡ್ಡ ಪಾರ್ಟಿಗೆ ದೊಡ್ಡ ವಂತಿಗೆ. ಮಾಸ್ತರರ ಸಂಭಾವನೆ, ಪರದೆ ಮತ್ತು ಡ್ರೆಸ್ಸಿನ ಬಾಡಿಗೆ, ತಬಲಾ, ಈಗ ಅದರ ಜೊತೆಗೆ ಕ್ಯಾಶಿಯೋ ಮತ್ತು ರಿದಂ ಪ್ಯಾಡು, ಇಳಕಲ್ ಗುಳೇದಗುಡ್ಡದ ಕಡೆಯಿಂದ ಕರೆಸುವ ಕಲಾವಿದೆಯರ ಸಂಬಳ ಎಲ್ಲ ಅದರಿಂದಲೇ ಸಾಗಬೇಕು. ಹ್ಯಾಂಡ್‌ಬಿಲ್ಲಿನಲ್ಲಿ ಪಾತ್ರಧಾರಿಯ ಹೆಸರು, ಫೋಟೋ. ಅದನ್ನು ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದ ಮನೆಗಳನ್ನು ನಾನು ನೋಡಿದ್ದೇನೆ.

ಆಟದ ರಾತ್ರಿ ಬೀಗರು ಬರುತ್ತಾರೆ. ಮಾತು ಏರಿ ನಿಂತ ಹೊತ್ತಿಗೆ ಮೈಕಿನಲ್ಲಿ ದನಿ: ಇಂಥ ಊರಿನ ಇಂಥವರು ಭೀಮನ ಪಾತ್ರಕ್ಕೆ ಮೆಚ್ಚಿ ನೂರಾ ಒಂದು ರೂಪಾಯಿ ಆಯೇರಿ. ದ್ರೌಪದಿ ಅಳುತ್ತ ನಿಂತಲ್ಲೇ ನಿಲ್ಲುತ್ತಾಳೆ. ಭೀಮ ಗದೆ ಕೆಳಗಿಟ್ಟು ಮಾವನ ಕೈಯಿಂದ ಟವಲ್ಲು, ರೊಕ್ಕ ತೆಗೆದುಕೊಂಡು, ಕಾಲಿಗೆ ನಮಸ್ಕಾರ ಮಾಡಿ, ಗದೆ ಎತ್ತಿಕೊಂಡು ಮತ್ತೆ ಸಿಟ್ಟಿಗೇಳುತ್ತಾನೆ. ಓದಿದವರು ಇದನ್ನು ಕಂಡು ರಸಭಂಗ ಎನ್ನುತ್ತಾರೆ. ನನಗೆ ಹಾಗನ್ನಿಸಿಲ್ಲ. ಕಥೆ ಎಲ್ಲರಿಗೂ ಗೊತ್ತು, ಅದು ಎಲ್ಲಿಗೂ ಓಡಿಹೋಗುವುದಿಲ್ಲ, ಐದು ನಿಮಿಷ ಕಾದರೆ ಮಹಾಭಾರತಕ್ಕೇನೂ ನಷ್ಟವಿಲ್ಲ. ಭೀಮನಾದವನು ಇಡೀ ವರ್ಷ ಸಾಲದ ಬಾಗಿಲಲ್ಲಿ ಕೈಕಟ್ಟಿ ನಿಂತ ಮನುಷ್ಯ. ಒಂದು ರಾತ್ರಿ ಗದೆ ಹಿಡಿದಿದ್ದಾನೆ, ಬೀಗರು ನೋಡಬೇಕು.

ಮೆಚ್ಚುವಂಥದ್ದಲ್ಲದ ಸಂಗತಿಯನ್ನೂ ಹೇಳಲೇಬೇಕು. ನಾಡೋಜ ಏಣಗಿ ಬಾಳಪ್ಪನವರು ಬಸವಣ್ಣನ ಪಾತ್ರ ಮಾಡಿದರೆ ಜನ ರಂಗದ ಮೇಲೇರಿ ಅವರ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದರು. 1914ರಲ್ಲಿ ಹುಟ್ಟಿ 2017ರವರೆಗೆ ಬದುಕಿದ ಅವರನ್ನು ಕಡೆಯ ತನಕ ಆ ಗೌರವ ಬಿಟ್ಟುಹೋಗಲಿಲ್ಲ. ಅದೇ ರಂಗದ ಮೇಲೆ ನೀಲಾಂಬಿಕೆಯಾದವಳಿಗೆ, ದ್ರೌಪದಿಯಾದವಳಿಗೆ ಸಿಕ್ಕಿದ್ದು ಬೇರೆಯೇ. ರಾತ್ರಿ ಸಿಳ್ಳೆ ಹಾಕಿದವನೇ ಬೆಳಗಾದರೆ ಅವಳಿಗೆ ಬಾಡಿಗೆ ಮನೆ ಕೊಡಲು ಹಿಂದೆಮುಂದೆ ನೋಡುತ್ತಾನೆ. ಹಳ್ಳಿಯ ನಾಟಕಕ್ಕೆ ಬಂದ ಕಲಾವಿದೆ ಬಣ್ಣ ಅಳಿಸಿ, ಮಗುವನ್ನು ಬಗಲಲ್ಲಿ ಹಾಕಿಕೊಂಡು ನಸುಕಿನ ಬಸ್ಸಿಗೆ ಕಾಯುವಾಗ, ರಾತ್ರಿಯ ಅಭಿಮಾನಿಗಳು ಆಡುವ ಮಾತು ಕಾಗದದ ಮೇಲೆ ಬರೆಯುವಂಥದ್ದಲ್ಲ. ಹಾಸ್ಯದ ಹೆಸರಿನಲ್ಲಿ ಎರಡರ್ಥದ ಮಾತು ಕಂಪನಿಗಳಲ್ಲಿ ಹೆಚ್ಚಾದದ್ದನ್ನು ಎಲ್ಲರೂ ಬೈಯುತ್ತಾರೆ. ಆದರೆ ಅದನ್ನು ಬರೆದವನಿಗಿಂತ, ಆಡಿದ ಗಂಡಸಿಗಿಂತ, ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಹೆಣ್ಣುಮಗಳ ಮೇಲೇ ಅದರ ಕೆಸರು ಹೆಚ್ಚು ಸಿಡಿಯುತ್ತದೆ. ಅಭಿಮಾನ ಎಂಬುದು ತಗಡಿನ ಗೋಡೆಯ ಒಳಗಷ್ಟೇ ನಿಂತುಬಿಡುವುದು ಹೆಚ್ಚಾಗಿ ಹೆಣ್ಣಿನ ವಿಷಯಕ್ಕೆ.

ಒಂದು ಅಪವಾದ ನೆನಪಾಗುತ್ತದೆ. ರಂ­ಗಭೂಮಿ, ಸಿನಿಮಾ ಎರಡರಲ್ಲೂ ಹೆಸರು ಮಾಡಿದ ಉಮಾಶ್ರೀಯವರನ್ನು ಇದೇ ಜಿಲ್ಲೆಯ ತೇರದಾಳದ ಮತದಾರರು 2013ರಲ್ಲಿ ಗೆಲ್ಲಿಸಿದರು, ಆಕೆ ಕನ್ನಡ ಮತ್ತು ಸಂಸ್ಕೃತಿ ಸಚಿವೆಯಾದರು. ಚುನಾವಣೆಗೆ ನೂರೆಂಟು ಲೆಕ್ಕ ಇರುತ್ತವೆ. ಆದರೂ ಪ್ರಚಾರದ ಸಭೆಗಳಿಗೆ ಹೆಂಗಸರು ಕಿಕ್ಕಿರಿದು ಬಂದದ್ದು ಬರೀ ಭಾಷಣಕ್ಕಲ್ಲ.

ಈಗ ಎಲ್ಲ ನಾಟಕವೂ ಫೋನಿನೊಳಗಿದೆ. ಬನಶಂಕರಿಯ ಆಟ ನಡೆಯುತ್ತಿರುವಾಗಲೇ ಹಾಸ್ಯದ ತುಣುಕು ಯೂಟ್ಯೂಬಿಗೆ ಏರುತ್ತದೆ. ಮಾಲೀಕರು ಮೊದಮೊದಲು ಫೋನು ಕಸಿದುಕೊಳ್ಳಲು ಆಳು ನಿಲ್ಲಿಸಿದ್ದರು, ಈಗ ಹಲವರು ತಾವೇ ಹಾಕುತ್ತಾರೆ. ಟೇಪಿಗೆ ಜಾಗ ಬಿಟ್ಟುಕೊಟ್ಟ ಆ ಅಮೆರಿಕದ ತಂಡದವರು 1984ರಲ್ಲಿ ಕಂಡುಕೊಂಡದ್ದನ್ನೇ ಇವರೂ ಕಂಡುಕೊಂಡಿದ್ದಾರೆ: ತುಣುಕು ನೋಡಿದ ಹುಡುಗ ಇಡೀ ಆಟ ನೋಡಲು ಬರುತ್ತಾನೆ, ಬಂದು ಆ ತುಣುಕಿಗಾಗಿ ಕಾಯುತ್ತಾನೆ, ಅದು ಬಂದಾಗ ಗೆಳೆಯರತ್ತ ತಿರುಗಿ ತಾನೇ ಬರೆದವನಂತೆ ನೋಡುತ್ತಾನೆ. ಕೊರೊನಾ ಕಾಲದಲ್ಲಿ ಜಾತ್ರೆ ನಿಂತಾಗ ಕಲಾವಿದರು ತರಕಾರಿ ಮಾರಿದರು, ಕೂಲಿಗೆ ಹೋದರು. ಆಗ ಕೆಲವರಿಗೆ ಅಕ್ಕಿ ಬೇಳೆ ಮುಟ್ಟಿಸಿದವರು ಮೂರು ರಾತ್ರಿ ಕೂರುವ ಮಂದಿಯೇ. ನಮ್ಮ ಮಾಮಾ ಎರಡು ಸೀರೆ ಮಾರಿದ ದುಡ್ಡನ್ನು ಯಾರಿಗೋ ಕಳಿಸಿದ್ದ ಎಂಬುದು ಅತ್ತೆಗೆ ಆಮೇಲೆ ತಿಳಿದು, ಮನೆಯಲ್ಲೊಂದು ಬೇರೆಯೇ ನಾಟಕವಾಯಿತು.

ಈ ವರ್ಷ ಅವನ ಊರಲ್ಲಿ ಮತ್ತೆ ‘ರಕ್ತರಾತ್ರಿ’ ಹಿಡಿದಿದ್ದಾರೆ. ಶಕುನಿ ಪಾರ್ಟಿಗೆ ಇಬ್ಬರು ಹಟ ಹಿಡಿದು ಕೂತಿದ್ದಾರೆ. ಒಬ್ಬ ಗ್ರಾನೈಟ್ ಲಾರಿಗಳ ಧಣಿ, ಎಷ್ಟು ವಂತಿಗೆ ಕೇಳಿದರೂ ಕೊಡುತ್ತೇನೆ ಎನ್ನುತ್ತಾನೆ. ಇನ್ನೊಬ್ಬ ಮಗ್ಗದ ಹುಡುಗ, ಕೈಯಲ್ಲಿ ಕಾಸಿಲ್ಲ, ಪುಸ್ತಕ ಪೂರಾ ಬಾಯಲ್ಲಿದೆ. ಫೋನಿನಲ್ಲಿ ಮಾಮಾ ಬಿಸಿಯಾಗಿದ್ದ.

“ದುಡ್ಡಿದ್ದಾಂವ ದುರ್ಯೋಧನ ಆಗ್ಲಿ ಅಂದೆ ನಾನು. ಹೆಂಗಿದ್ರೂ ಕಡೀಕ ತೊಡಿ ಮುರಕೊಂಡು ಬೀಳೂದs ಐತಿ.”

“ಅದಕ್ಕ ಅವರೇನಂದ್ರು ಮಾಮಾ?”

“ಏನಂತಾರ? ದುರ್ಯೋಧನನ ಪಾರ್ಟು ನನ್ನ ಹೆಸರಿಗೆ ಬರದಾರಂತ ಅಂದ್ರು.”